ದೊಡ್ಡ ಸೆಡಾನ್‌ಗಳಿಗೆ ಮಾರುಕಟ್ಟೆಯಲ್ಲಿ ಇನ್ನೂ ಸ್ಥಾನವಿದೆಯೇ?

ಮೋಟಾರು ವಾಹನ ವ್ಯಾಪಾರದಲ್ಲಿ ತೊಡಗಿರುವವರ ನಡುವೆ ಕೆಲವು ವರ್ಷಗಳಿಂದ ಒಂದು ಮಾತು ನಿರ್ವಿವಾದವೆಂಬಂತೆ ಚಲಾವಣೆಯಲ್ಲಿದೆ. ದೊಡ್ಡ ಸೆಡಾನ್ ಕಾರಿನ ಕಾಲ ಮುಗಿಯಿತು ಎಂಬುದೇ ಆ ಮಾತು. ಅದನ್ನು ಸಮರ್ಥಿಸುವ ಸಂಗತಿಗಳಿಗೆ ಕೊರತೆಯೇನೂ ಇಲ್ಲ. ಈ ಬಗೆಯ ಕಾರಿಗೆ ತವರುಮನೆಯಂತಿದ್ದ ಅಮೆರಿಕದಲ್ಲಿ ಫೋರ್ಡ್ ಕಂಪನಿಯು ಸೆಡಾನ್‌ಗಳನ್ನೆಲ್ಲ ಕ್ರಮೇಣ ಕೈಬಿಡುವುದಾಗಿ 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಅದರ ಟಾರಸ್ ಕಾರಿನ ಉತ್ಪಾದನೆ 2019ರ ಮಾರ್ಚ್‌ನಲ್ಲಿ ನಿಂತಿತು. ಷೆವರ್ಲೆ ಇಂಪಾಲಾ 2020ರ ಫೆಬ್ರವರಿಯಲ್ಲಿ, ಟೊಯೊಟಾ ಅವಲಾನ್ 2022ರಲ್ಲಿ, ಕ್ರೈಸ್ಲರ್ 300 ಕಾರು 2023ರ ಕೊನೆಯಲ್ಲಿ ಅದೇ ಹಾದಿ ಹಿಡಿದವು. ನಮ್ಮ ದೇಶದಲ್ಲಿಯೂ ಬಿಡದಿಯಲ್ಲಿ ತಯಾರಾಗುತ್ತಿದ್ದ ಕೊರೊಲಾ ಆಲ್ಟಿಸ್ ಹಾಗೂ ಹೋಂಡಾ ಅಕಾರ್ಡ್ 2020ರಲ್ಲಿ ಮಾರಾಟದ ಪಟ್ಟಿಯಿಂದ ಮರೆಯಾದವು. 2025ರಲ್ಲಿ ಮಾರುತಿ ಸಿಯಾಜ್ ಸರದಿ ಬಂದಿತು.

ಗ್ರಾಹಕರು ಎತ್ತರದ ವಾಹನಗಳತ್ತ ವಾಲಿದರು, ಕಂಪನಿಗಳು ಗ್ರಾಹಕರನ್ನು ಅನುಸರಿಸಿದವು ಎಂದು ಹೇಳಿ ಈ ವಿಷಯವನ್ನು ಇಲ್ಲಿಗೇ ಮುಗಿಸಿಬಿಡಬಹುದು. ಪತ್ರಿಕೆಗಳು ಸಾಮಾನ್ಯವಾಗಿ ಹಾಗೆಯೇ ಮುಗಿಸುತ್ತವೆ. ಆದರೆ ವಾಹನದ ಬಿಡಿಭಾಗಗಳನ್ನು ತಯಾರಿಸುವವರು, ಅವುಗಳ ದಾಸ್ತಾನು ಇಟ್ಟು ಮಾರುವವರು ಮತ್ತು ಟ್ಯಾಕ್ಸಿ ನಡೆಸುವವರು ಅಷ್ಟಕ್ಕೇ ತೃಪ್ತರಾಗುವುದು ಸರಿಯಲ್ಲ. ಒಂದು ಮಾದರಿಯ ಆಯುಷ್ಯವೆಷ್ಟು, ಅದು ಏಕೆ ಮುಗಿಯುತ್ತದೆ, ಮುಗಿದ ಮೇಲೆ ಎಷ್ಟು ಕಾಲ ಅದರ ವ್ಯಾಪಾರ ಉಳಿಯುತ್ತದೆ ಎಂಬುದರ ಮೇಲೆ ಅವರ ಬಂಡವಾಳ ನಿಂತಿದೆ. ಹಳೆಯ ದೊಡ್ಡ ಸೆಡಾನ್‌ಗೆ ಮನೆವಾರ್ತೆಯ ಕಾರಾಗಿ ಸ್ಥಾನ ಕಡಿಮೆಯಾಗಿರಬಹುದು. ದುಡಿಯುವ ವಾಹನವಾಗಿ ಅದರ ಸ್ಥಾನ ಇನ್ನೂ ಇತ್ತು, ಕೆಲಮಟ್ಟಿಗೆ ಇಂದಿಗೂ ಇದೆ. ಅದನ್ನು ಕೊಂದದ್ದು ವಯಸ್ಸು ಎನ್ನುವುದಕ್ಕಿಂತ ತೆರಿಗೆಯ ವಿಂಗಡಣೆಗಳು ಮತ್ತು ತಯಾರಕರ ಉದಾಸೀನ ಎನ್ನುವುದು ನನ್ನ ಅಭಿಪ್ರಾಯ.

ಕ್ರೌನ್ ವಿಕ್ಟೋರಿಯಾದ ಲೆಕ್ಕ

ಇದನ್ನು ಪರಿಶೀಲಿಸಲು ಫೋರ್ಡ್ ಕ್ರೌನ್ ವಿಕ್ಟೋರಿಯಾಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಇಂಗ್ಲಿಷ್ ಚಲನಚಿತ್ರಗಳನ್ನು ನೋಡಿದವರಿಗೆಲ್ಲ ಅಮೆರಿಕದ ಪೊಲೀಸ್ ಕಾರಾಗಿ, ನ್ಯೂಯಾರ್ಕಿನ ಹಳದಿ ಟ್ಯಾಕ್ಸಿಯಾಗಿ ಇದರ ಮುಖ ಪರಿಚಿತ. ಇದು ನಿಂತಿದ್ದ ‘ಪ್ಯಾಂಥರ್’ ಎಂಬ ಅಡಿಗಟ್ಟು 1979ರ ಮಾದರಿಯೊಂದಿಗೆ ಬಂದು 2011ರವರೆಗೆ ಬಳಕೆಯಲ್ಲಿತ್ತು. ಸುಮಾರು 5.4 ಮೀಟರ್ ಉದ್ದದ ಈ ಕಾರಿನ ರಚನೆ ನಮ್ಮ ಲಾರಿಯ ರಚನೆಯನ್ನೇ ಹೋಲುತ್ತಿತ್ತು: ಪ್ರತ್ಯೇಕವಾದ ಉಕ್ಕಿನ ಚಾಸಿಸ್, ಅದರ ಮೇಲೆ ಬೋಲ್ಟ್ ಹಾಕಿ ಕೂಡಿಸಿದ ಬಾಡಿ, ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಹಿಂಭಾಗದಲ್ಲಿ ಇಡಿಯಾದ ಆಕ್ಸಲ್. 1992ರಿಂದ ಅದಕ್ಕೆ 4.6 ಲೀಟರಿನ ಎಂಟು ಸಿಲಿಂಡರುಗಳ ಎಂಜಿನ್ ಬಂದಿತು. 1998ರಲ್ಲಿ ರೂಪಿಸಿದ ಹೊರಮೈ ಬಹುಮಟ್ಟಿಗೆ ಕೊನೆಯವರೆಗೂ ಹಾಗೆಯೇ ಉಳಿಯಿತು. 2003ರಲ್ಲಿ ಚಾಸಿಸ್ಸನ್ನೂ ಸ್ಟೀರಿಂಗನ್ನೂ ಸುಧಾರಿಸಿದರು.

ಉದ್ದಿಮೆಯ ದೃಷ್ಟಿಯಿಂದ ಇಂಥ ಕಾರಿನ ಅನುಕೂಲವನ್ನು ನಮ್ಮ ಸದಸ್ಯರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹತ್ತು ಲಕ್ಷ ರೂಪಾಯಿ ಬೆಲೆಯ ಒಂದು ಡೈ ಇದೆಯೆಂದು ಇಟ್ಟುಕೊಳ್ಳೋಣ. ಅದರಿಂದ ಒಂದು ಲಕ್ಷ ಭಾಗಗಳನ್ನು ಒತ್ತಿದರೆ ಒಂದೊಂದರ ಮೇಲೂ ಡೈನ ವೆಚ್ಚ 10 ರೂಪಾಯಿ ಬೀಳುತ್ತದೆ. ಅದೇ ಡೈಯನ್ನು ಆಗಾಗ ದುರಸ್ತಿ ಮಾಡಿಕೊಳ್ಳುತ್ತ ನಾಲ್ಕು ಲಕ್ಷ ಭಾಗ ಒತ್ತಿದರೆ, ದುರಸ್ತಿಯ ವೆಚ್ಚ ಬಿಟ್ಟು, ಅದು 2 ರೂಪಾಯಿ 50 ಪೈಸೆಗೆ ಇಳಿಯುತ್ತದೆ. ಕಾರೊಂದರಲ್ಲಿ ಇಂಥ ಸಾವಿರಾರು ಭಾಗಗಳಿರುತ್ತವೆ. ಹತ್ತು ಹದಿನೈದು ವರ್ಷ ಒಂದೇ ಮಾದರಿ ನಡೆದರೆ ತಯಾರಕನಿಗೂ ಅವನಿಗೆ ಭಾಗ ಒದಗಿಸುವವರಿಗೂ ಹಾಕಿದ ಬಂಡವಾಳ ಮರಳಿ ಬಂದು, ಅಲ್ಲಿಂದ ಮುಂದೆ ಕಚ್ಚಾ ಸಾಮಗ್ರಿ, ಕೂಲಿ ಮತ್ತು ವಿದ್ಯುತ್ತಿನ ವೆಚ್ಚ ಮಾತ್ರ ಉಳಿಯುತ್ತದೆ.

ಕೊಳ್ಳುವವರ ಲೆಕ್ಕವೂ ಇದಕ್ಕೆ ಹೊಂದಿಕೊಂಡಿತ್ತು. ಪೊಲೀಸ್ ಇಲಾಖೆಯೊಂದು ನೂರಾರು ಕಾರುಗಳನ್ನು ಇಟ್ಟುಕೊಂಡಿರುವಾಗ ಅದಕ್ಕೆ ಹೊಸ ರೂಪ ಬೇಕಾಗಿರಲಿಲ್ಲ. ಕಳೆದ ವರ್ಷ ಕೊಂಡ ಕಾರಿನ ಬಾಗಿಲು ಐದು ವರ್ಷ ಹಿಂದಿನ ಕಾರಿಗೂ ಕೂಡಬೇಕು, ಗ್ಯಾರೇಜಿನ ಕೆಲಸಗಾರನಿಗೆ ಪ್ರತಿ ವರ್ಷ ಹೊಸ ತರಬೇತಿ ಕೊಡುವಂತಾಗಬಾರದು, ಅಪಘಾತದಲ್ಲಿ ನುಗ್ಗಾದ ಮುಂಭಾಗವನ್ನು ಬಿಚ್ಚಿ ಬೇರೆ ಹಾಕುವಂತಿರಬೇಕು. ಅದಕ್ಕೆ ಬೇಕಾದದ್ದು ಇಷ್ಟೆ. ಕಾರಿನ ಮೊದಲ ಬೆಲೆಯಷ್ಟೇ ಅದು ಕೆಲಸಕ್ಕೆ ಬಾರದೆ ಗ್ಯಾರೇಜಿನಲ್ಲಿ ನಿಂತ ದಿನಗಳ ಬೆಲೆಯೂ ಇಲ್ಲಿ ಮುಖ್ಯ. ಇಲಾಖೆಗಳು ಹರಾಜು ಹಾಕಿದ ಕಾರುಗಳನ್ನು ಟ್ಯಾಕ್ಸಿಯವರು ಕೊಂಡು ಇನ್ನೂ ಕೆಲವು ವರ್ಷ ದುಡಿಸುತ್ತಿದ್ದರು. ಹೀಗೆ ಒಂದೇ ಕಾರು ಎರಡು ಬಾರಿ ಮಾರಾಟವಾಗಿ, ಎರಡು ಬಾರಿಯೂ ಬಿಡಿಭಾಗಗಳಿಗೆ ಬೇಡಿಕೆ ಹುಟ್ಟಿಸುತ್ತಿತ್ತು.

ಇದಕ್ಕೆ ಎದುರಾಳಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಜನರಲ್ ಮೋಟಾರ್ಸ್ ಕಂಪನಿಯ ಷೆವರ್ಲೆ ಕಪ್ರೀಸ್ ಇದೇ ರಚನೆಯ, ಇಷ್ಟೇ ದೊಡ್ಡದಾದ ಕಾರು. ಪೊಲೀಸರ ಮೆಚ್ಚುಗೆಯೂ ಅದಕ್ಕಿತ್ತು. ಆದರೆ ಟೆಕ್ಸಾಸಿನ ಆರ್ಲಿಂಗ್ಟನ್ ಕಾರ್ಖಾನೆಯಲ್ಲಿ ಅದರ ಉತ್ಪಾದನೆಯನ್ನು 1996ರ ಡಿಸೆಂಬರಿನಲ್ಲಿ ನಿಲ್ಲಿಸಿ, ಅದೇ ಜಾಗದಲ್ಲಿ ದೊಡ್ಡ ಟ್ರಕ್ ಜಾತಿಯ ವಾಹನಗಳನ್ನು ತಯಾರಿಸಲು ಆರಂಭಿಸಿದರು. ಗಿರಾಕಿಗಳಿಲ್ಲದೆ ನಿಲ್ಲಿಸಿದ್ದಲ್ಲ. ಅದೇ ಕಾರ್ಖಾನೆಯ ಅದೇ ಸಾಲಿನಲ್ಲಿ ಟ್ರಕ್ ತಯಾರಿಸಿದರೆ ಪ್ರತಿಯೊಂದರ ಮೇಲೂ ಹೆಚ್ಚು ಲಾಭ ಉಳಿಯುತ್ತಿದ್ದ ಕಾರಣ ನಿಲ್ಲಿಸಿದ್ದು. ಇದನ್ನು ತಪ್ಪೆನ್ನಲಾಗದು, ನಮ್ಮಲ್ಲಿ ಯಾರಾದರೂ ಅದನ್ನೇ ಮಾಡುತ್ತಿದ್ದರು. ಒಂದು ಸರಕಿಗೆ ಬೇಡಿಕೆಯಿದೆ ಎಂದ ಮಾತ್ರಕ್ಕೆ ಅದು ಮಾರುಕಟ್ಟೆಯಲ್ಲಿ ಉಳಿಯುವುದಿಲ್ಲ ಎಂಬುದನ್ನು ಮಾತ್ರ ಇಲ್ಲಿ ಗುರುತಿಸಿಕೊಳ್ಳಬೇಕು. ಎದುರಾಳಿ ತಾನಾಗಿ ಕಣ ಬಿಟ್ಟುಹೋದ ಮೇಲೆ ಪೊಲೀಸ್ ಕಾರಿನ ಮಾರುಕಟ್ಟೆ ಬಹುಪಾಲು ಫೋರ್ಡ್ ಕಂಪನಿಯ ಕೈಗೆ ಬಂದು, ಮುಂದಿನ ಹದಿನೈದು ವರ್ಷ ಅಲ್ಲಿಯೇ ಉಳಿಯಿತು.

ಕಾನೂನಿನ ವಿಂಗಡಣೆ ಮಾಡಿದ ಕೆಲಸ

ಗ್ರಾಹಕರ ಅಭಿರುಚಿ ಬದಲಾಯಿತು ಎನ್ನುವಾಗ ಅದನ್ನು ಬದಲಾಯಿಸಿದ್ದು ಯಾವುದು ಎಂದೂ ಕೇಳಬೇಕಾಗುತ್ತದೆ. ತೈಲ ಬಿಕ್ಕಟ್ಟಿನ ತರುವಾಯ 1975ರಲ್ಲಿ ಅಮೆರಿಕ ಇಂಧನ ಮಿತವ್ಯಯದ ಕಾನೂನು ಮಾಡಿತು. ಪ್ರತಿ ಕಂಪನಿಯೂ ತಾನು ಮಾರುವ ಕಾರುಗಳ ಸರಾಸರಿ ಇಂಧನ ಕ್ಷಮತೆಯನ್ನು ನಿಗದಿತ ಮಟ್ಟಕ್ಕೆ ತರಬೇಕಾಯಿತು. ಕಾರುಗಳಿಗೆ ಗ್ಯಾಲನ್ನಿಗೆ 27.5 ಮೈಲಿ ಎಂದು ಗೊತ್ತುಮಾಡಿದರೆ, ಹಗುರ ಟ್ರಕ್‌ಗಳಿಗೆ ಅದಕ್ಕಿಂತ ಬಹಳ ಸಡಿಲವಾದ ಮಟ್ಟವನ್ನು ಇಟ್ಟರು. ಟ್ರಕ್ ಎಂದರೆ ರೈತರ, ಕುಶಲಕರ್ಮಿಗಳ ವಾಹನ ಎಂಬ ಭಾವನೆ ಆಗ ಇತ್ತು. ಸಂಸಾರಸ್ಥರು ಏರಿಕೊಂಡು ಹೋಗುವ ಎತ್ತರದ ವಾಹನಗಳೂ ಮುಂದೆ ಅದೇ ಟ್ರಕ್ ವಿಭಾಗದಲ್ಲಿ ಸೇರಿಕೊಂಡವು. ಇದರ ಜೊತೆಗೆ ಹೊರದೇಶದ ಹಗುರ ಟ್ರಕ್‌ಗಳ ಮೇಲೆ 1964ರಿಂದ ಶೇ. 25 ಆಮದು ಸುಂಕವಿತ್ತು; ಕಾರುಗಳ ಮೇಲೆ ದಶಕಗಳ ಕಾಲ ಇದ್ದದ್ದು ಕೇವಲ ಶೇ. 2.5. ದೊಡ್ಡ ಸೆಡಾನ್ ತಯಾರಿಸಿದರೆ ಬಿಗಿಯಾದ ನಿಯಮ ಮತ್ತು ಜಪಾನಿನ ಪೈಪೋಟಿ, ದೊಡ್ಡ ಟ್ರಕ್ ತಯಾರಿಸಿದರೆ ಸಡಿಲ ನಿಯಮ ಮತ್ತು ಸುಂಕದ ರಕ್ಷಣೆ. ಇಂಥ ಸ್ಥಿತಿಯಲ್ಲಿ ಕಂಪನಿಗಳು ತಮ್ಮ ಜಾಹೀರಾತಿನ ಹಣವನ್ನು ಯಾವುದರ ಮೇಲೆ ಸುರಿದವೆಂಬುದು ಊಹೆಗೆ ಬಿಟ್ಟ ವಿಷಯವೇನಲ್ಲ.

ಇದೇ ಕಾನೂನಿನಲ್ಲಿದ್ದ ಇನ್ನೊಂದು ವಿಚಿತ್ರ ಬಿಡಿಭಾಗ ತಯಾರಕರಿಗೆ ವಿಶೇಷ ಆಸಕ್ತಿಯದು. ದೇಶೀಯ ಕಾರುಗಳ ಸರಾಸರಿಯನ್ನೂ ಆಮದು ಕಾರುಗಳ ಸರಾಸರಿಯನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕಿತ್ತು. ಅಮೆರಿಕದ ಕಂಪನಿಗಳು ಸಣ್ಣ ಕಾರುಗಳನ್ನು ಹೊರಗಿನಿಂದ ತಂದು ಸರಾಸರಿ ಸರಿತೂಗಿಸಿ, ದೇಶದೊಳಗಿನ ಕಾರ್ಖಾನೆಗಳನ್ನು ಮುಚ್ಚದಿರಲಿ ಎಂಬುದು ಇದರ ಉದ್ದೇಶ. ಕಾರಿನ ಮೌಲ್ಯದಲ್ಲಿ ದೇಶೀಯ ಪಾಲು ಶೇ. 75ಕ್ಕಿಂತ ಕಡಿಮೆಯಾದರೆ ಅದು ‘ಆಮದು’ ಎನಿಸುತ್ತಿತ್ತು. ಫೋರ್ಡ್ ಕಂಪನಿಯು 1990ರ ದಶಕದ ಆರಂಭದಲ್ಲಿ ಮಾಡಿದ್ದೇನೆಂದರೆ, ಕ್ರೌನ್ ವಿಕ್ಟೋರಿಯಾದ ಕೆಲವು ಭಾಗಗಳನ್ನು ಬೇಕೆಂದೇ ಹೊರದೇಶಗಳಿಂದ ತರಿಸಿ, ದೇಶೀಯ ಪಾಲನ್ನು ಆ ಗೆರೆಯ ಕೆಳಗಿಳಿಸಿ, ಹೆಚ್ಚು ಪೆಟ್ರೋಲು ಕುಡಿಯುವ ಈ ಕಾರನ್ನು ಆಮದು ಕಾರುಗಳ ಪಟ್ಟಿಗೆ ಸಾಗಿಸಿತು. ಆ ಪಟ್ಟಿಯಲ್ಲಿದ್ದ ಪುಟ್ಟ ಕಾರುಗಳು ಇದರ ಭಾರವನ್ನು ಹೊತ್ತುಕೊಂಡವು. ದೇಶದ ಉದ್ಯೋಗ ಉಳಿಸಲೆಂದು ಮಾಡಿದ ನಿಯಮ ದೇಶದ ಬಿಡಿಭಾಗ ತಯಾರಕರ ಕೈಯಿಂದಲೇ ಆರ್ಡರುಗಳನ್ನು ಕಿತ್ತುಕೊಂಡಿತು. ಕಾನೂನು ಮಾಡುವವರು ಕಾರಿನ ಬಗ್ಗೆ ಯೋಚಿಸುತ್ತಾರೆ. ಕಾರಿನೊಳಗಿನ ಸಾವಿರ ಭಾಗಗಳ ಬಗ್ಗೆ ಯೋಚಿಸುವವರು ವಿರಳ.

ನಮ್ಮಲ್ಲಿಯೂ ಇಂಥದೇ ಗೆರೆಯೊಂದು ಇದೆ. 2006ರ ಕೇಂದ್ರ ಮುಂಗಡಪತ್ರದಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದಾಗ ‘ಸಣ್ಣ ಕಾರು’ ಎಂಬುದಕ್ಕೆ 4,000 ಮಿಲಿಮೀಟರ್ ಉದ್ದದ ಮಿತಿ ಹಾಕಿದರು. ಅಲ್ಲಿಂದ ಮುಂದೆ ನಮ್ಮ ಸೆಡಾನ್‌ಗಳ ಡಿಕ್ಕಿ ಕತ್ತರಿ ಹಾಕಿದಂತೆ ಮೊಟಕಾಯಿತು. 2008ರಲ್ಲಿ ಟಾಟಾ ಇಂಡಿಗೊ ಸಿಎಸ್ ಈ ಮಿತಿಯೊಳಗೆ ಬಂದ ಮೊದಲ ಸೆಡಾನ್ ಆಯಿತು. 2012ರಲ್ಲಿ ಡಿಜೈರ್ ತನ್ನ ಬಾಲವನ್ನು ಕುಗ್ಗಿಸಿಕೊಂಡು ಒಳಗೆ ಸೇರಿಕೊಂಡಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿಯೂ ಇದೇ ಗೆರೆ ಉಳಿದಿದೆ: ಮಿತಿಯೊಳಗಿನ ಸಣ್ಣ ಕಾರಿಗೆ ಶೇ. 18, ಮೀರಿದ್ದಕ್ಕೆ ಶೇ. 40. ಸುಮಾರು 4.3 ಮೀಟರ್ ಉದ್ದದ ಅಂಬಾಸಡರ್ ಇಂದು ತಯಾರಾಗುತ್ತಿದ್ದರೆ ಐಷಾರಾಮಿ ವಾಹನಗಳ ಸಾಲಿನಲ್ಲಿ ನಿಲ್ಲುತ್ತಿತ್ತು! ಇಬ್ಬರು ಪ್ರಯಾಣಿಕರ ನಾಲ್ಕು ಪೆಟ್ಟಿಗೆಗಳನ್ನು ಹೊತ್ತು ದಿನಕ್ಕೆ ಹತ್ತು ಗಂಟೆ ದುಡಿಯುವ ವಾಹನವನ್ನು ಅದರ ಉದ್ದ ನೋಡಿ ಐಷಾರಾಮಿ ಎನ್ನುವುದು ಯಾವ ನ್ಯಾಯವೋ ತಿಳಿಯದು.

ಹಳೆಯ ಕಾರಿನ ವಿರುದ್ಧ ಇರುವ ವಾದ

ಇನ್ನೊಂದು ಪಕ್ಷವನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಮೊದಲನೆಯದು ಇಂಧನದ ವಿಚಾರ. ಕ್ರೌನ್ ವಿಕ್ಟೋರಿಯಾ ನಗರದೊಳಗೆ ಲೀಟರಿಗೆ ಸುಮಾರು 7 ಕಿಲೋಮೀಟರ್ ಓಡುತ್ತಿತ್ತು. ವರ್ಷಕ್ಕೆ 60,000 ಕಿಲೋಮೀಟರ್ ಓಡುವ ಟ್ಯಾಕ್ಸಿಗೆ ಇದರಂತೆ ಸುಮಾರು 8,570 ಲೀಟರ್ ಪೆಟ್ರೋಲು ಬೇಕು. ಲೀಟರಿಗೆ 12 ಕಿಲೋಮೀಟರ್ ಕೊಡುವ ವಾಹನಕ್ಕೆ 5,000 ಲೀಟರ್ ಸಾಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಗೂ ಮೀರಿದ ಅಂತರ. ಬಾಗಿಲು ಅಗ್ಗ, ಬಂಪರ್ ಅಗ್ಗ ಎಂಬ ಉಳಿತಾಯ ಇದರ ಮುಂದೆ ನಿಲ್ಲಲಾರದು. ನ್ಯೂಯಾರ್ಕಿನಲ್ಲಿ 2005ರಿಂದಲೇ ಹೈಬ್ರಿಡ್ ಟ್ಯಾಕ್ಸಿಗಳು ಬರತೊಡಗಿದ್ದು ಇದೇ ಕಾರಣದಿಂದ. ದಿನವಿಡೀ ಓಡುವವನಿಗೆ ಹಳೆಯ ದೊಡ್ಡ ಎಂಜಿನ್ ಹಾನಿಕರ. ಕಡಿಮೆ ಓಡಿ ಹೆಚ್ಚು ಪೆಟ್ಟು ತಿನ್ನುವ ವಾಹನವಾದರೆ ಹಳೆಯ ರಚನೆ ಲಾಭಕರ. ಎಲ್ಲ ಉಪಯೋಗಗಳಿಗೂ ಒಂದೇ ಉತ್ತರ ಸಲ್ಲದು.

ಎರಡನೆಯದು ಸುರಕ್ಷತೆ. ಕ್ರೌನ್ ವಿಕ್ಟೋರಿಯಾದ ಇಂಧನ ಟ್ಯಾಂಕು ಹಿಂದಿನ ಆಕ್ಸಲಿನ ಹಿಂಬದಿಯಲ್ಲಿತ್ತು. ಹೆದ್ದಾರಿಯ ಅಂಚಿನಲ್ಲಿ ನಿಂತ ಪೊಲೀಸ್ ಕಾರಿಗೆ ಹಿಂದಿನಿಂದ ವೇಗವಾಗಿ ಬಂದ ವಾಹನ ಗುದ್ದಿದಾಗ ಬೆಂಕಿ ಹೊತ್ತಿ ಪೊಲೀಸರು ಸತ್ತ ಪ್ರಕರಣಗಳು ನಡೆದು, 2002ರಲ್ಲಿ ಟ್ಯಾಂಕಿನ ಸುತ್ತಲಿನ ಭಾಗಗಳಿಗೆ ರಕ್ಷಣಾ ಕವಚ ಕೂಡಿಸಲು ಕಂಪನಿ ಒಪ್ಪಿಕೊಂಡಿತು. ದಶಕಗಳ ಹಿಂದೆ ನಿಶ್ಚಯಿಸಿದ ಜಾಗವನ್ನು ಬದಲಾಯಿಸದೆ ಮುಂದುವರಿದುದರ ಫಲ ಇದು. ವಾಹನ ಹಳೆಯದಾದರೆ ನಷ್ಟವಿಲ್ಲ, ಆದರೆ ಅದರಲ್ಲಿರುವ ದೋಷವೂ ಹಳೆಯದಾಗುತ್ತ ಹೋದರೆ ಜೀವಹಾನಿ. ಕೊನೆಗೆ, 2012ರ ಮಾದರಿಯಿಂದ ಎಲ್ಲ ಹೊಸ ಕಾರುಗಳಲ್ಲಿಯೂ ವಾಹನವು ಜಾರದಂತೆ ತಡೆಯುವ ವಿದ್ಯುನ್ಮಾನ ವ್ಯವಸ್ಥೆ ಇರಲೇಬೇಕೆಂಬ ನಿಯಮ ಬಂದಿತು. ಅದನ್ನು ಅಳವಡಿಸಲು ಬಂಡವಾಳ ಹೂಡುವ ಮನಸ್ಸು ಕಂಪನಿಗೆ ಇರಲಿಲ್ಲ. 2011ರ ಸೆಪ್ಟೆಂಬರ್ 15ರಂದು ಕೆನಡಾದ ಒಂಟಾರಿಯೋ ಪ್ರಾಂತದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಕೊನೆಯ ಕ್ರೌನ್ ವಿಕ್ಟೋರಿಯಾ ಹೊರಬಂದಿತು. ಅದು ಹೋದದ್ದು ಸೌದಿ ಅರೇಬಿಯಾಕ್ಕೆ. 1967ರಲ್ಲಿ ಆರಂಭವಾಗಿದ್ದ ಆ ಕಾರ್ಖಾನೆಯೂ ಅಂದೇ ಮುಚ್ಚಿತು.

ಮೂರನೆಯ ವಾದ ಎತ್ತರದ್ದು. ವಯಸ್ಸಾದವರಿಗೆ ತಗ್ಗಿನ ಸೀಟಿಗೆ ಇಳಿದು ಕೂರುವುದು, ಎದ್ದು ಹೊರಬರುವುದು ಕಷ್ಟ. ಸೊಂಟಕ್ಕೆ ಬಂದೂಕು, ವೈರ್‌ಲೆಸ್, ಕೈಕೋಳ ಕಟ್ಟಿಕೊಂಡ ಪೊಲೀಸರಿಗೂ ಅಷ್ಟೇ. ಫೋರ್ಡ್ ತರುವಾಯ ಪೊಲೀಸರಿಗಾಗಿ ಸೆಡಾನ್ ಒಂದನ್ನೂ ಎತ್ತರದ ಎಕ್ಸ್‌ಪ್ಲೋರರ್ ಆಧಾರಿತ ವಾಹನವನ್ನೂ ಒಟ್ಟಿಗೆ ಮುಂದಿಟ್ಟಾಗ ಇಲಾಖೆಗಳು ಹೆಚ್ಚಾಗಿ ಎರಡನೆಯದನ್ನೇ ಆರಿಸಿಕೊಂಡವು. ಜಪಾನಿನಲ್ಲಿ 1995ರಿಂದ ಎರಡು ದಶಕಕ್ಕೂ ಮೀರಿ ನಡೆದ ಟೊಯೊಟಾ ಕ್ರೌನ್ ಕಂಫರ್ಟ್ ಟ್ಯಾಕ್ಸಿಯ ಜಾಗಕ್ಕೆ 2017ರಲ್ಲಿ ಬಂದದ್ದೂ ಗಾಲಿಕುರ್ಚಿಯನ್ನು ಒಳಗೆ ತರಬಹುದಾದ ಎತ್ತರದ ಟ್ಯಾಕ್ಸಿಯೇ. ಈ ವಾದವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಆದರೆ ನಮ್ಮ ರಾಜ್ಯದಲ್ಲಿ ನಡೆದುದನ್ನು ನೋಡಿದರೆ ಬದಲಾದದ್ದು ಎತ್ತರ ಮಾತ್ರವೇ ಹೊರತು ರಚನೆಯಲ್ಲ ಎಂಬುದು ತಿಳಿಯುತ್ತದೆ. ಬಿಡದಿಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂದು ಅಂಬಾಸಡರ್ ಟ್ಯಾಕ್ಸಿಗಳ ಜಾಗವನ್ನು ಹಿಡಿದವು. ಅವುಗಳದೂ ಪ್ರತ್ಯೇಕ ಚಾಸಿಸ್, ಹಿಂದಿನ ಚಕ್ರಗಳಿಗೆ ಚಾಲನೆ, ಹಿಂದೆ ಇಡಿಯಾದ ಆಕ್ಸಲ್. ಕ್ರೌನ್ ವಿಕ್ಟೋರಿಯಾಕ್ಕೆ ಎತ್ತರದ ಬಾಡಿ ಕಟ್ಟಿದಂತೆಯೇ ಸರಿ. 2022ರ ಕೊನೆಯಲ್ಲಿ ಹೊಸ ರಚನೆಯ ಹೈಕ್ರಾಸ್ ಪ್ರಕಟವಾದ ಮೇಲೆಯೂ ಕಂಪನಿಯು ಹಳೆಯ ಕ್ರಿಸ್ಟಾವನ್ನು ಕೈಬಿಡದೆ, 2023ರಲ್ಲಿ ಡೀಸೆಲ್ ಎಂಜಿನ್ನಿನೊಡನೆ ಮತ್ತೆ ಮಾರಾಟಕ್ಕೆ ಇಟ್ಟಿತು. ಟ್ರಾವೆಲ್ಸ್ ನಡೆಸುವವರಿಗೆ ಬೇಕಾದದ್ದು ಪರಿಚಿತವಾದ, ಗ್ಯಾರೇಜಿನವನಿಗೆ ಗೊತ್ತಿರುವ ವಾಹನ ಎಂಬುದನ್ನು ಅವರು ಅರಿತಿದ್ದರು. ಹಳೆಯ ಮಾದರಿಗೆ ಸ್ಥಾನವಿದೆ ಎಂಬುದಕ್ಕೆ ಬೆಂಗಳೂರಿನಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿಯೇ ಸಾಕ್ಷಿ ಸಿಕ್ಕಂತಾಯಿತು.

ಅಂಬಾಸಡರ್: ಲಾಭ ಎಲ್ಲಿ ಹೋಯಿತು?

ಅಂಬಾಸಡರ್ ಕಾರಿನ ಬಗ್ಗೆ ಬರೆಯುವವರು ಬಹುತೇಕ ಭಾವುಕರಾಗಿಬಿಡುತ್ತಾರೆ. ಬಿಳಿಯ ಕಾರು, ಕೆಂಪು ದೀಪ, ಹಿಂದಿನ ಸೀಟಿನಲ್ಲಿ ಮಂತ್ರಿಗಳು ಎಂದೆಲ್ಲ ವರ್ಣನೆ ಬರುತ್ತದೆ. ಅದು ನಮ್ಮ ಪತ್ರಿಕೆಗೆ ಬೇಕಾದ ವಿಷಯವಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆ 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದನ್ನು ಆರಂಭಿಸಿ, 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. ಅರ್ಧ ಶತಮಾನಕ್ಕೂ ಮೀರಿ ಬಾಳಿದ ಮಾದರಿಯ ಮೂಲ ಡೈಗಳ ಬಂಡವಾಳ ಎಷ್ಟು ಬಾರಿ ಮರಳಿ ಬಂದಿರಬೇಕು! 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೆ ಗ್ರಾಹಕರಿಗೆ ಹೆಚ್ಚಿನ ಆಯ್ಕೆಯೇ ಇರಲಿಲ್ಲ. ಅಂಥ ಅನುಕೂಲದ ವರ್ಷಗಳ ಗಳಿಕೆಯಲ್ಲಿ ಒಂದು ಪಾಲನ್ನಾದರೂ ಕಾರಿಗೇ ಮರಳಿಸಿದ್ದರೆ ಕಥೆ ಬೇರೆಯಾಗುತ್ತಿತ್ತು.

ಹಾಗೆ ಮರಳಿಸಿದಾಗ ಫಲ ಕಂಡುಬಂದದ್ದೂ ಉಂಟು. 1992ರಲ್ಲಿ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್ ಹಾಕಿದಾಗ ಅದೇ ಹಳೆಯ ಮೈಗೆ ಹೊಸ ಚೈತನ್ಯ ಬಂದಿತ್ತು. ಆದರೆ ಬಾಗಿಲು ಸರಿಯಾಗಿ ಕೂಡದಿರುವುದು, ಮಳೆಯಲ್ಲಿ ನೀರು ಸೋರುವುದು, ತುಕ್ಕು ಹಿಡಿಯುವುದು ಮುಂತಾದ ದೂರುಗಳು ಹಾಗೆಯೇ ಉಳಿದವು. ಇವು ವಿನ್ಯಾಸ ಹಳೆಯದಾದ್ದರಿಂದ ಬಂದ ದೋಷಗಳಲ್ಲ. ಸವೆದ ಡೈಗಳಲ್ಲಿ ಒತ್ತಿದ ತಗಡಿನ ದೋಷಗಳು. ಪ್ರೆಸ್ ಶಾಪ್ ಇಟ್ಟುಕೊಂಡಿರುವ ನಮ್ಮ ಯಾವ ಸದಸ್ಯರಿಗಾದರೂ ಇದು ತಿಳಿದ ಸಂಗತಿಯೇ. 2011ರಲ್ಲಿ ಮಹಾನಗರಗಳಲ್ಲಿ ಹೊಗೆಯ ಹೊಸ ಮಾನದಂಡ ಬಿಗಿಯಾದಾಗ ಕಾರು ಸಿದ್ಧವಿರಲಿಲ್ಲ. ಹೊಸ ಎಂಜಿನ್ನಿನ ಮಾದರಿ ಬಂದದ್ದು 2013ರಲ್ಲಿ. ಅಷ್ಟರಲ್ಲಿ ಟ್ಯಾಕ್ಸಿಯವರು ಬೇರೆ ದಾರಿ ನೋಡಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ವಾರ್ಷಿಕ ಮಾರಾಟ ಕೆಲವೇ ಸಾವಿರಕ್ಕೆ ಇಳಿದಿತ್ತು. 2017ರಲ್ಲಿ ಅಂಬಾಸಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೊ ಸಂಸ್ಥೆ 80 ಕೋಟಿ ರೂಪಾಯಿಗೆ ಕೊಂಡಿತು. ಬರಿಯ ಹೆಸರಿಗೆ ಅಷ್ಟು ಬೆಲೆ ಇದ್ದ ಸರಕನ್ನು ಅದರ ಯಜಮಾನರು ಎಷ್ಟು ಅಲಕ್ಷಿಸಿದ್ದರು ಎಂಬುದಕ್ಕೆ ಬೇರೆ ಅಳತೆಗೋಲು ಬೇಡ.

ಬಿಡಿಭಾಗದವರ ಪಾಡು

ಇಲ್ಲಿಯವರೆಗೆ ಹೇಳಿದ್ದು ದೊಡ್ಡ ಕಂಪನಿಗಳ ಮಾತು. ಸಣ್ಣ ಉದ್ದಿಮೆದಾರರಿಗೆ ಇದರಿಂದ ಒದಗುವ ಕಷ್ಟ ಯಾವ ಬಗೆಯದು ಎಂಬುದು ಆಸ್ಟ್ರೇಲಿಯಾದಲ್ಲಿ ಬಹಳ ಸ್ಪಷ್ಟವಾಗಿ ಕಂಡುಬಂತು. ಆ ದೇಶ ತನ್ನದೇ ಆದ ಎರಡು ದೊಡ್ಡ ಸೆಡಾನ್‌ಗಳನ್ನು ಸಾಕಿಕೊಂಡಿತ್ತು: 1960ರಿಂದ ಫೋರ್ಡ್ ಫಾಲ್ಕನ್, 1978ರಿಂದ ಹೋಲ್ಡನ್ ಕೊಮೊಡೋರ್. ಅಲ್ಲಿನ ಟ್ಯಾಕ್ಸಿಗಳಲ್ಲಿ ಅನಿಲದಿಂದ ಓಡುವ ಫಾಲ್ಕನ್ ಸರ್ವೇಸಾಮಾನ್ಯವಾಗಿತ್ತು. ಆಮದು ಸುಂಕ ಹಂತಹಂತವಾಗಿ ಇಳಿದು, ಗ್ರಾಹಕರು ಸಣ್ಣ ಕಾರು ಹಾಗೂ ಎತ್ತರದ ವಾಹನಗಳತ್ತ ತಿರುಗಿದ ಮೇಲೆ ಮಾರಾಟ ಕುಸಿಯಿತು. 2013ರ ಮೇ ತಿಂಗಳಲ್ಲಿ ಫೋರ್ಡ್, ಅದೇ ಡಿಸೆಂಬರಿನಲ್ಲಿ ಹೋಲ್ಡನ್, 2014ರ ಫೆಬ್ರವರಿಯಲ್ಲಿ ಟೊಯೊಟಾ ಒಂದರ ಹಿಂದೊಂದರಂತೆ ತಮ್ಮ ಕಾರ್ಖಾನೆ ಮುಚ್ಚುವುದಾಗಿ ಪ್ರಕಟಿಸಿದವು. ಈ ಸಾಲನ್ನು ಗಮನಿಸಿ. ಮೂರೂ ಕಂಪನಿಗಳಿಗೆ ಭಾಗ ಒದಗಿಸುತ್ತಿದ್ದವರು ಬಹುಪಾಲು ಅವರವರೇ. ಒಬ್ಬ ಗಿರಾಕಿ ಹೋದರೆ ಉಳಿದಿಬ್ಬರ ಆರ್ಡರಿನಿಂದ ಯಂತ್ರಗಳು ಪೂರ್ತಿ ದುಡಿಯುವುದಿಲ್ಲ, ಬೆಲೆ ಏರಿಸಬೇಕಾಗುತ್ತದೆ, ಬೆಲೆ ಏರಿದರೆ ಎರಡನೆಯ ಗಿರಾಕಿಯೂ ಹೋಗುತ್ತಾನೆ. 2016ರ ಅಕ್ಟೋಬರಿನಲ್ಲಿ ಫಾಲ್ಕನ್ ನಿಂತಿತು. 2017ರ ಅಕ್ಟೋಬರಿನಲ್ಲಿ ಟೊಯೊಟಾ, ಹೋಲ್ಡನ್ ಎರಡೂ ಕಾರ್ಖಾನೆಗಳು ಬಾಗಿಲು ಹಾಕಿದವು. ಆಸ್ಟ್ರೇಲಿಯಾದ ದೊಡ್ಡ ಪ್ರಮಾಣದ ಕಾರು ಉತ್ಪಾದನೆ ಅಲ್ಲಿಗೆ ಮುಗಿಯಿತು.

ನಮ್ಮ ಪೀಣ್ಯ, ಬೆಳಗಾವಿ, ಶಿವಮೊಗ್ಗಗಳ ಘಟಕಗಳಿಗೆ ಇಷ್ಟು ದೊಡ್ಡ ಆಘಾತದ ಭಯವಿಲ್ಲ. ಗಿರಾಕಿಗಳು ಹಲವರಿದ್ದಾರೆ, ಟ್ರ್ಯಾಕ್ಟರ್, ಪಂಪು, ಲಾರಿಗಳ ಕೆಲಸವೂ ಇದೆ. ಆದರೆ ಮಾದರಿಯೊಂದು ನಿಂತಾಗ ಆ ಮಾದರಿಯ ಡೈ, ಪ್ಯಾಟರ್ನ್, ಜಿಗ್‌ಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ಪ್ರತಿಯೊಬ್ಬರಿಗೂ ಎದುರಾಗುತ್ತದೆ. ಸಾಮಾನ್ಯವಾಗಿ ಅವು ಒಂದೆರಡು ವರ್ಷ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದು, ಜಾಗ ಸಾಲದೆ ಬಂದಾಗ ಕಬ್ಬಿಣದ ತೂಕಕ್ಕೆ ಗುಜರಿಗೆ ಹೋಗುತ್ತವೆ. ಇದು ಅವಸರದ ತೀರ್ಮಾನ ಎನ್ನುವುದು ನನ್ನ ವಾದದ ಮುಖ್ಯ ಭಾಗ. ಕಾರಿನ ಮಾರಾಟ ನಿಂತ ದಿನ ಬಿಡಿಭಾಗಗಳ ಬೇಡಿಕೆ ನಿಲ್ಲುವುದಿಲ್ಲ. ಕೊಲ್ಕತ್ತೆಯಲ್ಲಿ ವಾಣಿಜ್ಯ ವಾಹನಗಳಿಗೆ 15 ವರ್ಷಗಳ ಮಿತಿ ಇದೆ. 2014ರಲ್ಲಿ ನೋಂದಣಿಯಾದ ಟ್ಯಾಕ್ಸಿ ಆ ಮಿತಿಯಂತೆ 2029ರವರೆಗೆ ಓಡಬಹುದು. ಮೊದಲ ಐದು ವರ್ಷಗಳಿಗಿಂತ ಕೊನೆಯ ಐದು ವರ್ಷಗಳಲ್ಲಿಯೇ ವಾಹನ ಹೆಚ್ಚು ಭಾಗಗಳನ್ನು ಬೇಡುತ್ತದೆ ಎಂಬುದನ್ನು ಜೆ.ಸಿ. ರಸ್ತೆಯ ಯಾವ ಅಂಗಡಿಯವರಾದರೂ ಹೇಳಿಯಾರು. ದೊಡ್ಡ ತಯಾರಕರು ಕೈತೊಳೆದುಕೊಂಡ ಆ ಅವಧಿಯಲ್ಲಿ ಪೈಪೋಟಿ ಕಡಿಮೆ, ಬೆಲೆ ಕೊಂಚ ಹೆಚ್ಚು, ಗಿರಾಕಿ ಮುಂಗಡ ಕೊಡಲೂ ಸಿದ್ಧ.

ಹಾಗೆಂದು ಎಲ್ಲವನ್ನೂ ಕೂಡಿಟ್ಟುಕೊಳ್ಳಿ ಎಂದು ಹೇಳುತ್ತಿಲ್ಲ. ಸರಕಾರಿ ಇಲಾಖೆಗಳ 15 ವರ್ಷ ದಾಟಿದ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತ ಬಂದಿದೆ. ಆದ್ದರಿಂದ ಇಲಾಖೆಗಳಿಗೆಂದೇ ಮಾರಾಟವಾಗುತ್ತಿದ್ದ ಮಾದರಿಗಳ ಭಾಗಗಳಿಗೆ ಆ ಗಡುವೇ ಕೊನೆ. ಟ್ಯಾಕ್ಸಿ ಹಾಗೂ ಖಾಸಗಿ ಬಳಕೆಯಲ್ಲಿ ಹರಡಿದ ಮಾದರಿಗಳ ಲೆಕ್ಕ ಬೇರೆ. ಬಾಹ್ಯ ಅಲಂಕಾರದ ಭಾಗಗಳ ಡೈ ಇಟ್ಟುಕೊಂಡು ಪ್ರಯೋಜನವಿಲ್ಲ. ಸವೆಯುವ ಭಾಗಗಳಾದ ಬುಷ್, ಬ್ರೇಕ್ ಡ್ರಮ್, ಸಸ್ಪೆನ್ಷನ್ ತೋಳು, ನೀರಿನ ಪಂಪು ಮುಂತಾದವುಗಳದ್ದು ಇಟ್ಟುಕೊಳ್ಳಬಹುದು. ಅದರಲ್ಲಿಯೂ ಒಂದೇ ಭಾಗ ಎರಡು ಮೂರು ಮಾದರಿಗಳಿಗೆ ಹೊಂದುವಂತಿದ್ದರೆ ಇನ್ನೂ ಲೇಸು.

ಇನ್ನು ಹಳೆಯ ವಾಹನಗಳ ವಿಲೇವಾರಿಯ ವಿಷಯ. 2021ರಲ್ಲಿ ಪ್ರಕಟವಾದ ಕೇಂದ್ರದ ನೀತಿಯು ವಾಹನದ ವಯಸ್ಸಿಗಿಂತ ಅದರ ಯೋಗ್ಯತಾ ಪರೀಕ್ಷೆಗೆ ಹೆಚ್ಚಿನ ಮಹತ್ವ ಕೊಟ್ಟಿತು. ಅದು ಸರಿಯಾದ ದಾರಿ. ಹದಿನಾರು ವರ್ಷದ ವಾಹನ ಹೊಗೆ, ಬ್ರೇಕು, ದೀಪಗಳ ಪರೀಕ್ಷೆಯಲ್ಲಿ ಉತ್ತೀರ್ಣವಾದರೆ ಓಡಲಿ. ಎಂಟು ವರ್ಷದ್ದು ಅನುತ್ತೀರ್ಣವಾದರೆ ನಿಲ್ಲಲಿ. ವಯಸ್ಸಿನ ಗೆರೆ ಎಳೆಯುವುದು ಅಧಿಕಾರಿಗಳಿಗೆ ಸುಲಭ, ಆದರೆ ಚೆನ್ನಾಗಿ ನೋಡಿಕೊಂಡವನಿಗೂ ನೋಡಿಕೊಳ್ಳದವನಿಗೂ ಒಂದೇ ಶಿಕ್ಷೆ. ಹಾಗೆಯೇ 4,000 ಮಿಲಿಮೀಟರಿನ ತೆರಿಗೆ ಗೆರೆಯನ್ನು ಟ್ಯಾಕ್ಸಿಯಾಗಿ ನೋಂದಣಿಯಾಗುವ ಸೆಡಾನ್‌ಗಳ ಮಟ್ಟಿಗಾದರೂ ಸಡಿಲಿಸುವಂತೆ ವಾಣಿಜ್ಯ ಮಂಡಳಿಗಳು ಕೇಂದ್ರಕ್ಕೆ ಮನವಿ ಸಲ್ಲಿಸುವುದು ಯೋಗ್ಯ. ಮುಂಗಡಪತ್ರದ ಪೂರ್ವಭಾವಿ ಸಲಹೆಗಳನ್ನು ಪ್ರತಿ ವರ್ಷ ಕೇಳಲಾಗುತ್ತದೆ. ಅಲ್ಲಿ ನಾವು ಸಾಮಾನ್ಯ ರಿಯಾಯಿತಿಗಳನ್ನು ಕೇಳಿ ಸುಮ್ಮನಾಗುತ್ತೇವೆ.

ಅದಕ್ಕೆ ಮೊದಲು ನಮ್ಮ ಮಟ್ಟದಲ್ಲಿಯೇ ಆಗಬಹುದಾದ ಒಂದು ಕೆಲಸವಿದೆ. ಸದಸ್ಯರ ಶೆಡ್ಡುಗಳಲ್ಲಿ ಸುಮ್ಮನೆ ಬಿದ್ದಿರುವ ಡೈ ಮತ್ತು ಪ್ಯಾಟರ್ನ್‌ಗಳ ಪಟ್ಟಿಯೊಂದನ್ನು ಮಂಡಳಿಯು ಸಿದ್ಧಪಡಿಸಿ, ಬಿಡಿಭಾಗದ ವ್ಯಾಪಾರಿಗಳಿಗೂ ಟ್ಯಾಕ್ಸಿ ಮಾಲೀಕರ ಸಂಘಗಳಿಗೂ ಕಳುಹಿಸಬಹುದು. ಡೈ ವಾಹನ ತಯಾರಕರ ಸ್ವತ್ತಾಗಿದ್ದಲ್ಲಿ ಅವರಿಂದ ಲಿಖಿತ ಅನುಮತಿ ಪಡೆಯುವುದು ಅಗತ್ಯ. ಮಾದರಿ ನಿಲ್ಲಿಸಿದವರು ಬಹುಶಃ ಅನುಮತಿ ನಿರಾಕರಿಸುವುದಿಲ್ಲ, ಕೇಳುವವರು ಬೇಕು ಅಷ್ಟೆ. ಪಟ್ಟಿಯಲ್ಲಿ ವಾಹನದ ಹೆಸರು, ಭಾಗದ ಸಂಖ್ಯೆ, ಡೈನ ಈಗಿನ ಸ್ಥಿತಿ, ಕೊನೆಯ ಬಾರಿ ಒತ್ತಿದ ವರ್ಷ, ಕನಿಷ್ಠ ಎಷ್ಟು ಸಂಖ್ಯೆಯ ಆರ್ಡರ್ ಬಂದರೆ ಮತ್ತೆ ಒತ್ತಿಕೊಡಲು ಸಾಧ್ಯ ಎಂಬ ವಿವರಗಳಿದ್ದರೆ ಸಾಕಾಗುತ್ತದೆ.